ಸೈಕಲ್ಲಿಗೂ ಕಚೇರಿಗೂ ಒಂದೇ ಉಡುಪು: ಎಲ್ಲಿಯವರೆಗೆ ಸಾಧ್ಯ?

ಜಯನಗರದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಕಚೇರಿ ದೊಮ್ಮಲೂರಿನಲ್ಲಿ. ದಾರಿ ಸುಮಾರು 10 ಕಿ.ಮೀ. ಸೈಕಲ್ಲಿನಲ್ಲಿ ಹೋಗಿ ಬರುವುದು ರೂಢಿಯಾಗಿದೆ, ಆದ್ದರಿಂದ ದಾರಿಯ ಬಗ್ಗೆಯಾಗಲಿ ಸೈಕಲ್ಲಿನ ಬಗ್ಗೆಯಾಗಲಿ ನನ್ನ ಪ್ರಶ್ನೆಯಿಲ್ಲ. ಪ್ರಶ್ನೆಯೆಲ್ಲ ಬಟ್ಟೆಯದು. ನಮ್ಮದು ಲೆಕ್ಕಪರಿಶೋಧನೆಯ ಕೆಲಸ. ಗ್ರಾಹಕರು ಯಾವ ಹೊತ್ತಿಗಾದರೂ ಬಂದು ಎದುರಿಗೆ ಕೂರುತ್ತಾರೆ. ಹಾಗಾಗಿ ಕಾಲರ್ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಚರ್ಮದ ಶೂ ಇವು ಇರಲೇಬೇಕು. ಕಚೇರಿಯಲ್ಲಿ ಸ್ನಾನದ ವ್ಯವಸ್ಥೆ ಇಲ್ಲ. ಇರುವುದು ಒಂದು ಶೌಚಾಲಯ ಮತ್ತು ನನ್ನ ಮೇಜಿನ ಕೆಳಗಿನ ಒಂದು ಖಾನೆ.

ಮೈಗಂಟುವ ಲೈಕ್ರಾ ಚಡ್ಡಿಯಲ್ಲಿ ಹೋಗಿ ಪೂರ್ತಿ ಬಟ್ಟೆ ಬದಲಿಸುವುದು ನನಗೆ ಒಗ್ಗುವುದಿಲ್ಲ. ಶೌಚಾಲಯದ ಒದ್ದೆ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಂತು ಪ್ಯಾಂಟು ಏರಿಸಿಕೊಳ್ಳುವ ಸರ್ಕಸ್ಸು ಸೈಕಲ್ ತುಳಿಯುವುದಕ್ಕಿಂತ ಕಷ್ಟದ್ದು. ಹಾಗೆಂದು ಕಚೇರಿಯ ಬಟ್ಟೆಯಲ್ಲೇ ಹೊರಟರೆ ಬೆನ್ನಿನಲ್ಲಿ ಬೆವರಿನ ನಕ್ಷೆ, ಪ್ಯಾಂಟಿನ ಬಲಗಾಲಿಗೆ ಚೈನಿನ ಕಪ್ಪು, ಸೀಟಿನ ಜಾಗದಲ್ಲಿ ಸವೆತ. ಎರಡೂ ಕಡೆಗೆ ಸಲ್ಲುವ ಉಡುಪು ನಿಜವಾಗಿ ಇದೆಯೇ, ಅಥವಾ ಅದು ಜಾಹೀರಾತಿನ ಮಾತೇ? ಅನುಭವಿಗಳು ತಿಳಿಸಬೇಕೆಂದು ಕೋರಿಕೆ.

ಬ್ರೂಕ್‌ಫೀಲ್ಡ್ ಪೆಡಲಿಗ

ಇದೆ, ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ಲಿವೈಸ್ ಕಂಪನಿ 2011ರಲ್ಲಿ ಕಮ್ಯೂಟರ್ ಎಂಬ ಸಾಲಿನ ಜೀನ್ಸ್ ತಂದಿತ್ತು. ನೋಡುವುದಕ್ಕೆ ಅವರದೇ 511 ಎಂಬ ಮಾದರಿಯ ಮಾಮೂಲಿ ಜೀನ್ಸೇ. ಆದರೆ ಬಟ್ಟೆಯಲ್ಲಿ ಸ್ವಲ್ಪ ಹಿಗ್ಗುವ ಗುಣ, ಸೊಂಟದ ಹಿಂಭಾಗದಲ್ಲಿ ಯು-ಲಾಕ್ (ಯು ಆಕಾರದ ಸೈಕಲ್ ಬೀಗ) ಸಿಕ್ಕಿಸಿಕೊಳ್ಳುವ ಪಟ್ಟಿ, ಪಾದದ ಬಳಿ ಒಳಮಗ್ಗುಲಿಗೆ ಹೊಲಿದ ಪ್ರತಿಫಲಕ ಪಟ್ಟಿ ಇದ್ದವು. ಕಾಲಿನ ತುದಿಯನ್ನು ಒಂದು ಸುತ್ತು ಮೇಲೆ ಮಡಿಸಿದರೆ ಪಟ್ಟಿ ಹೊರಗೆ ಕಾಣುತ್ತದೆ, ಇಳಿಸಿದರೆ ಕಚೇರಿಯ ಉಡುಪು. ಲಂಡನ್ನಿನ ರಾಫಾದಂತಹ ಸೈಕಲ್ ಉಡುಪಿನ ಕಂಪನಿಗಳೂ ಇದೇ ಜಾಡಿನಲ್ಲಿ ಪ್ಯಾಂಟು, ಅಂಗಿ ಮಾಡಿದವು.

ತರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಸಾಗಣೆ ವೆಚ್ಚ, ಆಮದು ಸುಂಕ ಎಲ್ಲ ಸೇರಿದರೆ ಕೆಲವರ ಸೈಕಲ್ಲಿನ ಬೆಲೆಯನ್ನೇ ಪ್ಯಾಂಟು ಮುಟ್ಟುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಆದರೆ ಅವರು ಯಾವ ಯಾವ ಜಾಗದಲ್ಲಿ ಏನೇನು ಬದಲಾಯಿಸಿದರು ಎಂಬುದನ್ನು ನೋಡಿದರೆ ನಮಗೆ ಏನು ಬೇಕೆಂಬುದು ಗೊತ್ತಾಗುತ್ತದೆ.

ದರ್ಜಿಯ ಮಗ, ತುಮಕೂರು

ಜಯನಗರದವರ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೊಂಟದಿಂದ ಕೆಳಗೆ ಒಂದೇ ಉಡುಪು ಖಂಡಿತ ಸಾಧ್ಯ, ಸೊಂಟದಿಂದ ಮೇಲೆ ಸಾಧ್ಯವಿಲ್ಲ. ಪೂರ್ತಿ ಒಂದೇ ಜೊತೆ ಹುಡುಕುವವರು ಎರಡೂ ಕಡೆ ಸೋಲುತ್ತಾರೆ. ಕಾಲಿನ ಸಮಸ್ಯೆ ಹೊಲಿಗೆಯದು, ಅದನ್ನು ಕತ್ತರಿ-ಸೂಜಿಯಿಂದ ಸರಿಪಡಿಸಬಹುದು. ಬೆನ್ನಿನ ಸಮಸ್ಯೆ ಬೆವರಿನದು, ಅದನ್ನು ಯಾವ ದರ್ಜಿಯೂ ಹೊಲಿದು ಮುಚ್ಚಲಾರ.

ನಾನು ಬೆಳೆದದ್ದು ಅಪ್ಪನ ಅಂಗಡಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ, ಆದ್ದರಿಂದ ಪ್ಯಾಂಟಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಾಮಾನ್ಯ ಫಾರ್ಮಲ್ ಪ್ಯಾಂಟನ್ನು ನಿಲ್ಲುವ, ನಡೆಯುವ, ಕುರ್ಚಿಯಲ್ಲಿ ಕೂರುವ ಮನುಷ್ಯನಿಗೆಂದು ಕತ್ತರಿಸಿರುತ್ತಾರೆ. ಮುಂಭಾಗದ ಎರಡು, ಹಿಂಭಾಗದ ಎರಡು, ಒಟ್ಟು ನಾಲ್ಕು ತುಂಡುಗಳ ಹೊಲಿಗೆಗಳು ಬಂದು ಒಂದೇ ಬಿಂದುವಿನಲ್ಲಿ, ತೊಡೆಗಳ ಸಂದಿಯಲ್ಲಿ, ಕೂಡುತ್ತವೆ. ಅಲ್ಲಿ ಬಟ್ಟೆ ಪದರ ಪದರವಾಗಿ ಗಂಟು ಕಟ್ಟಿರುತ್ತದೆ. ಕುರ್ಚಿಯಲ್ಲಿ ಕುಳಿತಾಗ ಅದು ತಿಳಿಯುವುದೇ ಇಲ್ಲ. ಸೈಕಲ್ಲಿನ ಸೀಟಿನ ಮೇಲೆ ನಿಮ್ಮ ಭಾರ ಬೀಳುವುದು ಹೆಚ್ಚುಕಡಿಮೆ ಆ ಗಂಟಿನ ಮೇಲೆಯೇ. ಕಾಲು ಮೇಲೆ ಕೆಳಗೆ ಆಡಿದಂತೆಲ್ಲ ಹೊಲಿಗೆ ಎಳೆಯುತ್ತದೆ, ಚರ್ಮ ಉಜ್ಜುತ್ತದೆ, ಕೊನೆಗೊಂದು ದಿನ ಸಿಗ್ನಲ್ಲಿನಲ್ಲಿ ಕಾಲೆತ್ತಿ ಸೀಟು ಏರುವಾಗ ಪರ್ ಎನ್ನುತ್ತದೆ.

ಇದಕ್ಕೆ ದರ್ಜಿಗಳಲ್ಲಿ ಹಳೆಯ ಉಪಾಯವಿದೆ: ಗಸೆಟ್. ಆ ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಿ ಡೈಮಂಡ್ ಆಕಾರದ ಒಂದು ತುಂಡು ಬಟ್ಟೆಯನ್ನು ಸೇರಿಸುವುದು. ಗಂಟು ಒಡೆದು ಹೊಲಿಗೆಗಳು ನಾಲ್ಕು ಮೂಲೆಗಳಿಗೆ ಹಂಚಿಹೋಗುತ್ತವೆ, ಕಾಲನ್ನು ಅಗಲಿಸಲು ಹೆಚ್ಚಿನ ಬಟ್ಟೆ ಸಿಗುತ್ತದೆ. ನಿಂತಾಗ ಅದು ತೊಡೆಗಳ ನಡುವೆ ಅಡಗಿರುವುದರಿಂದ ನಿಮ್ಮ ಗ್ರಾಹಕರಿಗೆ ಕಾಣುವ ಪ್ರಶ್ನೆಯೇ ಬರುವುದಿಲ್ಲ. ದುಬಾರಿ ಸೈಕಲ್ ಪ್ಯಾಂಟುಗಳ ಮುಖ್ಯ ಗುಟ್ಟು ಇದು. ನಿಮ್ಮ ಬೀದಿಯ ದರ್ಜಿ ಇದನ್ನು ಕತ್ತರಿಸಿ ಉಳಿದ ಚೂರಿನಲ್ಲೇ ಮಾಡಿಕೊಡಬಲ್ಲ.

ಎರಡನೆಯದು, ಹಿಂಬದಿಯ ರೈಸ್, ಅಂದರೆ ತೊಡೆಸಂದಿಯಿಂದ ಸೊಂಟಪಟ್ಟಿಯವರೆಗಿನ ಅಳತೆ. ಹ್ಯಾಂಡಲ್ಲಿನ ಕಡೆಗೆ ಬಗ್ಗಿದಾಗ ಪ್ಯಾಂಟಿನ ಹಿಂಭಾಗ ಕೆಳಗೆ ಜಾರಿ, ಅಂಗಿ ಮೇಲೆ ಸರಿದು, ಹಿಂದಿನಿಂದ ಬರುವ ಬಿಎಂಟಿಸಿ ಚಾಲಕನಿಗೆ ನೋಡಬಾರದ್ದು ಕಾಣುತ್ತದೆ. ಹಿಂದಿನ ಸೊಂಟಪಟ್ಟಿಯನ್ನು ಮುಂದಿನದಕ್ಕಿಂತ ಒಂದು ಇಂಚು ಎತ್ತರಿಸಿ ಕತ್ತರಿಸಲು ಹೇಳಿ. ಮೂರನೆಯದು, ಸೀಟಿನ ನಡುಹೊಲಿಗೆ. ಒಳ್ಳೆಯ ಕಾರ್ಖಾನೆಗಳು ಇಲ್ಲಿ ಹಿಗ್ಗುವ ಚೈನ್ ಸ್ಟಿಚ್ ಹಾಕುತ್ತವೆ. ಬೀದಿಯ ದರ್ಜಿಯ ಯಂತ್ರ ಸಾಮಾನ್ಯವಾಗಿ ಲಾಕ್ ಸ್ಟಿಚ್ಚಿನದು, ಅದು ಹಿಗ್ಗುವುದು ಕಡಿಮೆ. ಆದ್ದರಿಂದ ಗಟ್ಟಿ ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹೊಲಿಸಿ.

ಬಟ್ಟೆಯ ಆಯ್ಕೆ: ಸೂಟಿಂಗ್ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ. ಎರಡು-ಮೂರು ಪರ್ಸೆಂಟ್ ಹಿಗ್ಗುವ ಲೈಕ್ರಾ ನೂಲು ಸೇರಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅದರ ದೋಷವೆಂದರೆ, ಸೀಟಿನ ಉಜ್ಜಾಟಕ್ಕೂ ಬಿಸಿ ಇಸ್ತ್ರಿಗೂ ಸಿಕ್ಕಿ ಹಿಂಭಾಗ ಹೊಳೆಯತೊಡಗುತ್ತದೆ. ಕಡು ನೀಲಿ, ಕಪ್ಪು ಬಣ್ಣದಲ್ಲಿ ಈ ಹೊಳಪು ಎದ್ದು ಕಾಣುತ್ತದೆ; ಬೂದು ಬಣ್ಣದ ಮಿಶ್ರನೂಲಿನ ಬಟ್ಟೆಯಲ್ಲಿ ಅಷ್ಟಾಗಿ ತೋರುವುದಿಲ್ಲ. ಇಸ್ತ್ರಿಯನ್ನು ಒಳಮಗ್ಗುಲಿನಿಂದ ಮಾಡಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಪೂರ್ತಿ ಹತ್ತಿಯ ಚಿನೋಸ್ ಹಿತವಾಗಿರುತ್ತವೆ, ಆದರೆ ಮಂಡಿಯ ಹಿಂದೆ ಮಡಿಕೆ ಬಿದ್ದು ಮಧ್ಯಾಹ್ನದವರೆಗೂ ಹಾಗೇ ಉಳಿಯುತ್ತವೆ.

ಧಾರವಾಡದ ಅಧ್ಯಾಪಕಿ

ಪ್ಯಾಂಟಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದಿದ್ದಕ್ಕೆ ದರ್ಜಿಯ ಮಗ ಅವರಿಗೆ ಧನ್ಯವಾದ. ಆದರೆ ಈ ಚರ್ಚೆಯಲ್ಲಿ ಇದುವರೆಗೆ ಕಚೇರಿಯ ಉಡುಪು ಎಂದರೆ ಗಂಡಸರ ಪ್ಯಾಂಟು-ಅಂಗಿ ಎಂದೇ ಹಿಡಿದಂತಿದೆ. ನಮ್ಮ ಕಾಲೇಜಿನಲ್ಲಿ ಅಧ್ಯಾಪಕಿಯರಿಗೆ ಸೀರೆ ಅಥವಾ ಚೂಡಿದಾರ ಎಂಬುದು ಬರೆಯದ ಕಾನೂನು. ಎರಡರಲ್ಲೂ ಸೈಕಲ್ ತುಳಿಯಬಹುದು, ತುಳಿಯುತ್ತಲೂ ಇದ್ದೇನೆ. ಆದರೆ ಅದಕ್ಕೆ ಮೊದಲು ಬೇಕಾದದ್ದು ಬಟ್ಟೆಯ ಬದಲಾವಣೆಯಲ್ಲ, ಸೈಕಲ್ಲಿನ ಬದಲಾವಣೆ.

ಹಳೆಯ ಲೇಡೀಸ್ ಸೈಕಲ್ಲನ್ನು ನೆನಪಿಸಿಕೊಳ್ಳಿ. ಅಡ್ಡದ ಕಂಬಿ ಕೆಳಕ್ಕೆ ಬಾಗಿರುತ್ತಿತ್ತು. ಚೈನಿಗೆ ಪೂರ್ತಿ ತಗಡಿನ ಕವರಿತ್ತು. ಹಿಂದಿನ ಚಕ್ರದ ಎರಡೂ ಬದಿಗೆ ಸೀರೆ ಸಿಕ್ಕಿಕೊಳ್ಳದಂತೆ ಜಾಲರಿ ಅಥವಾ ಗಾರ್ಡು ಇರುತ್ತಿತ್ತು, ಮಡ್‌ಗಾರ್ಡ್ ಚಕ್ರವನ್ನು ಅರ್ಧಕ್ಕೂ ಹೆಚ್ಚು ಮುಚ್ಚುತ್ತಿತ್ತು. ಇಂದಿನ ಗೇರ್ ಸೈಕಲ್ಲಿನಲ್ಲಿ ಇವು ಒಂದೂ ಇಲ್ಲ. ತೂಕ ಕಡಿಮೆ ಮಾಡುವ ನೆಪದಲ್ಲಿ ಬಟ್ಟೆಯನ್ನು ಕಾಯುವ ಎಲ್ಲವನ್ನೂ ಕಳಚಿ ಮಾರುತ್ತಾರೆ, ಆಮೇಲೆ ಆ ಸೈಕಲ್ಲಿಗೆ ಸರಿಹೊಂದುವ ಬಟ್ಟೆಯನ್ನೂ ಅವರೇ ಮಾರುತ್ತಾರೆ.

ಇದು ಇಂದಿನ ತಾಪತ್ರಯವಲ್ಲ. ಇಂಗ್ಲೆಂಡಿನಲ್ಲಿ ಸೈಕಲ್ಲಿನ ಹುಚ್ಚು ಹಬ್ಬಿದ 1890ರ ದಶಕದಲ್ಲಿ ಹೆಂಗಸರ ಉದ್ದ ಲಂಗ ಚೈನಿಗೂ ಚಕ್ರಕ್ಕೂ ಸಿಕ್ಕಿ ಬೀಳುವುದು ದೊಡ್ಡ ತೊಂದರೆಯಾಗಿತ್ತು. ಲಂಡನ್ನಿನ ಬ್ರಿಕ್ಸ್‌ಟನ್ ಭಾಗದ ಆಲಿಸ್ ಬೈಗ್ರೇವ್ ಎಂಬ ಹೊಲಿಗೆಗಾರ್ತಿ 1895ರಲ್ಲಿ ಒಂದು ಲಂಗಕ್ಕೆ ಪೇಟೆಂಟ್ ಪಡೆದಳು. ಲಂಗದ ಮುಂದೆ ಮತ್ತು ಹಿಂದೆ ಹೊಲಿಗೆಯೊಳಗೆ ದಾರಗಳನ್ನು ಅಡಗಿಸಿ, ಸೊಂಟದ ಬಳಿ ಎಳೆದರೆ ಬಟ್ಟೆ ನೆರಿಗೆಯಾಗಿ ಮೇಲೇರುವಂತೆ, ಸೈಕಲ್ ಇಳಿದು ಬಿಟ್ಟರೆ ಮತ್ತೆ ಪಾದದವರೆಗೆ ಇಳಿಯುವಂತೆ ಮಾಡಿದ್ದಳು. ಸವಾರಿಗೂ ಸಮಾಜಕ್ಕೂ ಒಂದೇ ಉಡುಪು! ನಮ್ಮ ಉತ್ತರ ಕರ್ನಾಟಕದ ಕಚ್ಚೆ ಸೀರೆಯಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲವೆಂಬುದು ಬೇರೆ ಮಾತು. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರ ಉಡುಪು ಅದು.

ಈಗ ನನ್ನ ಕ್ರಮ ಹೇಳುತ್ತೇನೆ. ಚೂಡಿದಾರದ ಟಾಪಿಗೆ ಎರಡೂ ಬದಿಯ ಕಟ್ ಸೊಂಟದ ಎಲುಬಿನವರೆಗೆ ಇರಬೇಕು. ಕಡಿಮೆಯಿದ್ದರೆ ಸೀಟಿನ ತುದಿಗೆ ಸಿಕ್ಕಿಕೊಂಡು ಇಳಿಯುವಾಗ ಅಪಾಯ. ಹಿಂದಿನ ಅಂಚನ್ನು ಸೀಟಿನ ಮೇಲೆ ಹರಡಿ ಕೂರುವುದಲ್ಲ, ಎತ್ತಿ ಮಡಿಲಿಗೆ ತಂದುಕೊಂಡು ಕೂರಬೇಕು; ಇಲ್ಲದಿದ್ದರೆ ಅಲ್ಲಿ ಸುಕ್ಕು ಬಿದ್ದು ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಲು ಮುಜುಗರವಾಗುತ್ತದೆ. ಪಲಾಜೊ ಬೇಡವೇ ಬೇಡ. ಪಾದದ ಬಳಿ ಬಿಗಿಯಾಗಿರುವ ಚೂಡಿ ಪ್ಯಾಂಟೇ ಸರಿ. ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿ ತುದಿಗಳನ್ನು ಹಿಂದೆ ಬಿಡುವುದು ಜೀವಕ್ಕೇ ಅಪಾಯ. ಅದು ಬ್ಯಾಗಿನೊಳಗೇ ಇರಲಿ, ಕಾಲೇಜಿನ ಗೇಟಿನ ಬಳಿ ತೆಗೆದು ಹಾಕಿಕೊಳ್ಳಿ. ಸೀರೆಯ ದಿನಗಳಲ್ಲಿ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ನೆರಿಗೆಗಳನ್ನು ಮಂಡಿಯ ಕೆಳಗೆ ಒಂದು ದೊಡ್ಡ ಪಿನ್ನಿನಿಂದ ಕೂಡಿಸುತ್ತೇನೆ. ಹತ್ತಿಯ ಇಳಕಲ್ ಸೀರೆಯಲ್ಲಿ ನೆರಿಗೆ ನಿಲ್ಲುತ್ತದೆ; ಸಿಂಥೆಟಿಕ್ ಸೀರೆ ಜಾರುತ್ತದೆ, ಗಾಳಿಗೆ ಹಾರುತ್ತದೆ.

ಐಂಡ್‌ಹೋವನ್ ಕನ್ನಡಿಗ

ಅಧ್ಯಾಪಕಿಯವರ ಮಾತು ನೂರಕ್ಕೆ ನೂರು ನಿಜ. ನಾನು ನೆದರ್ಲೆಂಡ್ಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಕೋಟು ತೊಟ್ಟ ವಕೀಲರು, ಸ್ಕರ್ಟ್ ತೊಟ್ಟ ಬ್ಯಾಂಕ್ ಅಧಿಕಾರಿಗಳು, ಮಕ್ಕಳನ್ನು ಮುಂದೆ ಕೂರಿಸಿಕೊಂಡ ತಾಯಂದಿರು ಎಲ್ಲರೂ ಮನೆಯಿಂದ ತೊಟ್ಟ ಬಟ್ಟೆಯಲ್ಲೇ ಕೆಲಸಕ್ಕೆ ಹೋಗುತ್ತಾರೆ. ಬಿಗಿ ಲೈಕ್ರಾ ತೊಟ್ಟವರು ಕಂಡರೆ ಅವರು ಭಾನುವಾರದ ಕ್ರೀಡಾಪಟುಗಳು ಎಂದರ್ಥ. ಅಧ್ಯಾಪಕಿಯವರು ಹೇಳಿದ ಚೈನಿನ ಪೂರ್ತಿ ಕವರು, ಹಿಂದಿನ ಚಕ್ರದ ಕೋಟು-ಗಾರ್ಡು ಎರಡೂ ಇಲ್ಲಿನ ದಿನಬಳಕೆಯ ಸೈಕಲ್ಲಿನಲ್ಲಿ ಇಂದಿಗೂ ಇವೆ. ಹ್ಯಾಂಡಲ್ ಎತ್ತರದಲ್ಲಿದ್ದು ಬೆನ್ನು ನೆಟ್ಟಗಿರುವುದರಿಂದ ಅಂಗಿ ಮೇಲೆ ಸರಿಯುವುದೂ ಇಲ್ಲ, ಪ್ಯಾಂಟು ಜಾರುವುದೂ ಇಲ್ಲ. ಮಳೆ ಬಂದರೆ ಪ್ಯಾಂಟಿನ ಮೇಲೆಯೇ ಎಳೆದುಕೊಳ್ಳುವ ಮಳೆಪ್ಯಾಂಟು ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ಗಸೆಟ್, ಲೈಕ್ರಾ ಎಂಬ ಚಿಂತೆ ಇಲ್ಲಿ ಯಾರಿಗೂ ಇಲ್ಲ.

ಬೆವರಿನ ಲೆಕ್ಕಿಗ, ಮಲ್ಲೇಶ್ವರ

ಐಂಡ್‌ಹೋವನ್ನಿನವರೇ, ನಿಮ್ಮಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ತಾಪಮಾನವೇ 23 ಡಿಗ್ರಿಯ ಆಸುಪಾಸು. ನಮ್ಮಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ 34 ಡಿಗ್ರಿ ಮುಟ್ಟುತ್ತದೆ. ನೆಲ ನಿಮ್ಮಲ್ಲಿ ಸಪಾಟು, ನಮ್ಮಲ್ಲಿ ಏರಿಳಿತ. ಆದ್ದರಿಂದ ಚೈನ್ ಕವರಿನ ಮಾತನ್ನು ಒಪ್ಪುತ್ತೇನೆ, ಅಂಗಿಯ ಮಾತನ್ನು ಒಪ್ಪಲಾರೆ. ದರ್ಜಿಯ ಮಗ ಹೇಳಿದ ಸೊಂಟದ ಗಡಿ ಸರಿಯಾಗಿಯೇ ಇದೆ. ಅದು ಯಾಕೆ ಅಲ್ಲಿಗೇ ಬೀಳುತ್ತದೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಕೊಡುತ್ತೇನೆ.

ಸೈಕಲ್ ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಪೆಡಲ್ಲಿಗೆ ಹೋಗುತ್ತದೆ, ಉಳಿದ ಮುಕ್ಕಾಲು ಭಾಗ ಶಾಖ. ವೇಗ ಗಂಟೆಗೆ 15 ಕಿ.ಮೀ.ನಿಂದ 25ಕ್ಕೆ ಏರಿದರೆ ಗಾಳಿಯ ಎದುರೊತ್ತಿನಿಂದಾಗಿ ಪಡಬೇಕಾದ ಶ್ರಮ ಎರಡು ಪಟ್ಟನ್ನೂ ಮೀರುತ್ತದೆ, ಶಾಖವೂ ಅದೇ ಪ್ರಮಾಣದಲ್ಲಿ ಏರುತ್ತದೆ. 10 ಕಿ.ಮೀ. ದಾರಿಗೆ ಮೊದಲ ವೇಗದಲ್ಲಿ 40 ನಿಮಿಷ, ಎರಡನೆಯದರಲ್ಲಿ 24 ನಿಮಿಷ. ಆದರೆ ಜಯನಗರದಿಂದ ದೊಮ್ಮಲೂರಿನವರೆಗಿನ ಸಿಗ್ನಲ್ಲುಗಳಲ್ಲಿ ಆ ಉಳಿತಾಯದ ದೊಡ್ಡ ಪಾಲು ಕರಗಿಹೋಗುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಹೀಗಾಗಿ ಅತ್ಯಂತ ಅಗ್ಗದ ಕಚೇರಿ ಉಡುಪೆಂದರೆ ನಿಧಾನ.

ಇನ್ನೊಂದು ವಿಷಯ ಹಲವರಿಗೆ ಗೊಂದಲ ತರುತ್ತದೆ. ದಾರಿಯಲ್ಲಿ ಒಣಗಿದ್ದ ಬೆನ್ನು ಕಚೇರಿಯ ಲಿಫ್ಟಿನಲ್ಲಿ ಒದ್ದೆಯಾಗುವುದೇಕೆ? ಸೈಕಲ್ ಓಡುವಾಗ ಎದುರುಗಾಳಿ ಬೆವರನ್ನು ಅಲ್ಲಲ್ಲೇ ಆವಿ ಮಾಡುತ್ತಿರುತ್ತದೆ. ನಿಂತ ಕ್ಷಣ ಗಾಳಿ ನಿಲ್ಲುತ್ತದೆ, ಆದರೆ ಒಳಗಿನ ಶಾಖ ಇಳಿಯಲು ಇನ್ನೂ ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಬೆವರು ಸುರಿಯುತ್ತಲೇ ಇರುತ್ತದೆ. ತಲುಪಿದ ಕೂಡಲೇ ಹೊಸ ಅಂಗಿ ತೊಟ್ಟರೆ ಅದೂ ನೆನೆಯುವುದು ಖಚಿತ. ಕೊನೆಯ ಒಂದು ಕಿ.ಮೀ. ತೀರಾ ನಿಧಾನವಾಗಿ ತುಳಿಯಿರಿ, ಸೈಕಲ್ ನಿಲ್ಲಿಸಿ ಹತ್ತು ನಿಮಿಷ ಗಾಳಿಯಲ್ಲಿ ನಿಲ್ಲಿ, ಆಮೇಲೆ ಅಂಗಿ ಬದಲಿಸಿ.

ಈಗ ನೂಲಿನ ಗುಣ. ಸಾಮಾನ್ಯ ಹವೆಯಲ್ಲಿ, ಅಂದರೆ 20 ಡಿಗ್ರಿ ಉಷ್ಣತೆ ಮತ್ತು 65 ಪರ್ಸೆಂಟ್ ತೇವಾಂಶದಲ್ಲಿ, ಉಣ್ಣೆ ತನ್ನ ತೂಕದ ಸುಮಾರು 16 ಪರ್ಸೆಂಟಿನಷ್ಟು ತೇವವನ್ನು ಒಳಗಿಟ್ಟುಕೊಳ್ಳುತ್ತದೆ. ಲಿನನ್ ಸುಮಾರು 12, ಹತ್ತಿ ಸುಮಾರು 8, ಪಾಲಿಯೆಸ್ಟರ್ ಅರ್ಧ ಪರ್ಸೆಂಟಿಗಿಂತಲೂ ಕಡಿಮೆ. ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳದಿರುವುದರಿಂದಲೇ ಬೇಗ ಒಣಗುತ್ತದೆ, ಕ್ರೀಡಾ ಉಡುಪಿಗೆ ಅದು ಸರಿ. ಆದರೆ ಅದು ಮೈಯೆಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಎಣ್ಣೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ. ಒಗೆದ ಮೇಲೂ ಬಿಸಿಲಿಗೆ ಹೋದೊಡನೆ ಕಂಕುಳಿನಲ್ಲಿ ಮತ್ತೆ ಏಳುವ ವಾಸನೆ ಅದೇ. ಹತ್ತಿಯಲ್ಲಿ ವಾಸನೆ ಕಡಿಮೆ, ಆದರೆ ನೆನೆದರೆ ಬೇಗ ಒಣಗುವುದಿಲ್ಲ. ತೆಳುವಾದ ಮೆರಿನೋ ಉಣ್ಣೆಯ ಬನಿಯನ್ನು ಎರಡೂ ಗುಣ ಹೊಂದಿದೆ. ಬೆಂಗಳೂರಿನ ಸೆಕೆಗೂ ಅದು ಆಗಿಬರುತ್ತದೆ, ಬೆಲೆಗೆ ಮಾತ್ರ ಕೈ ಸುಡುತ್ತದೆ. ಮಗುವಿನ ಶಾಲೆಯ ಶುಲ್ಕ ಕಟ್ಟುವ ತಿಂಗಳಲ್ಲಿ ಅದರ ಹೆಸರೆತ್ತಬೇಡಿ.

ನನ್ನ ಸಲಹೆ ಸರಳವಾದದ್ದು. ಹೊರಡುವಾಗ ಮೇಲೆ ಯಾವುದಾದರೂ ಟೀ ಶರ್ಟ್ ಇರಲಿ. ಕಚೇರಿಯ ಅಂಗಿ, ಒಣ ಬನಿಯನ್ನು ಬ್ಯಾಗಿನಲ್ಲಿರಲಿ. ಕಾಲು ಮಡಚದೆ, ಶೂ ಕಳಚದೆ, ಎರಡು ನಿಮಿಷದಲ್ಲಿ ಮೇಲುಡುಪು ಬದಲಾಗುತ್ತದೆ. ಒಂಟಿ ಕಾಲಿನ ಸರ್ಕಸ್ಸೂ ಇಲ್ಲ.

ಬ್ರೂಕ್‌ಫೀಲ್ಡ್ ಪೆಡಲಿಗ

ಲೆಕ್ಕಿಗರೇ, ಅಂಗಿ ಬ್ಯಾಗಿನಲ್ಲಿ ಮುದ್ದೆಯಾಗುವುದಿಲ್ಲವೇ? ಸುಕ್ಕಾಗದ ಅಂಗಿ ಎಂದು ಮಾರುತ್ತಾರಲ್ಲ, ಅವು ಹೇಗೆ?

ಬೆವರಿನ ಲೆಕ್ಕಿಗ, ಮಲ್ಲೇಶ್ವರ

ಅವುಗಳ ಹತ್ತಿಗೆ ರಾಳದಂತಹ ರಾಸಾಯನಿಕ ಲೇಪ ಕೊಟ್ಟಿರುತ್ತಾರೆ. ಸುಕ್ಕು ಬೀಳುವುದಿಲ್ಲ ನಿಜ, ಆದರೆ ಬಟ್ಟೆ ನೀರು ಹೀರುವ ಗುಣವನ್ನೂ ಗಟ್ಟಿತನವನ್ನೂ ಸ್ವಲ್ಪ ಕಳೆದುಕೊಳ್ಳುತ್ತದೆ. ಸವಾರಿಗೆ ಅದು ಬೇಡ. ತಲುಪಿದ ಮೇಲೆ ತೊಡುವುದಕ್ಕಾದರೆ ಅಡ್ಡಿಯಿಲ್ಲ. ಮಾಮೂಲಿ ಅಂಗಿಯನ್ನಾದರೆ ಮಡಚಬೇಡಿ, ಗುಂಡಿ ಹಾಕಿ, ಬೆನ್ನು ಹೊರಗೆ ಬರುವಂತೆ ಕೆಳಗಿನಿಂದ ಕಾಲರಿನವರೆಗೆ ಸಡಿಲವಾಗಿ ಸುತ್ತಿ. ಅಥವಾ ಸೋಮವಾರ ಬಸ್ಸಿನಲ್ಲಿ ಹೋಗಿ ವಾರದ ಅಂಗಿಗಳನ್ನೆಲ್ಲ ಹ್ಯಾಂಗರಿನಲ್ಲಿ ಇಟ್ಟುಬನ್ನಿ.

ಬ್ಯಾಗನ್ನು ಬೆನ್ನಿಗೆ ಹಾಕುವುದನ್ನು ಬಿಡಿ ಎಂಬುದನ್ನು ಮರೆತಿದ್ದೆ. ಬೆನ್ನಿನ ಬೆವರು ಆವಿಯಾಗಲು ಇರುವ ದಾರಿಯನ್ನೇ ಅದು ಮುಚ್ಚುತ್ತದೆ. ಹಿಂದಿನ ಕ್ಯಾರಿಯರಿಗೆ ತೂಗುವ ಪ್ಯಾನಿಯರ್ ಚೀಲ ಹಾಕಿಸಿದರೆ, ಯಾವ ದುಬಾರಿ ಅಂಗಿಯೂ ಕೊಡದಷ್ಟು ಒಣ ಬೆನ್ನು ಸಿಗುತ್ತದೆ. ದಾರಿಯಲ್ಲೂ ಅಂಗಿಯನ್ನೇ ತೊಡಬೇಕೆಂಬ ಹಟವಿದ್ದವರು ಬಿಳಿ, ಕಡು ನೀಲಿ ಅಥವಾ ಒತ್ತಾದ ಚೌಕುಳಿ ಆರಿಸಿಕೊಳ್ಳಿ. ತಿಳಿನೀಲಿ ಮತ್ತು ಬೂದು ಬಣ್ಣದಲ್ಲಿ ಒಂದು ಹನಿ ಬೆವರೂ ಸಾರಿ ಹೇಳುತ್ತದೆ.

ಕುಡ್ಲದ ಗುಮಾಸ್ತ

ಬೆಂಗಳೂರಿನವರ ಬೆವರಿನ ದೂರುಗಳನ್ನು ಓದಿ ನಮ್ಮ ಮಂಗಳೂರಿನಲ್ಲಿ ಕುಳಿತು ನಗು ಬಂತು. ಇಲ್ಲಿ ಸೈಕಲ್ ಹತ್ತುವ ಮೊದಲೇ ಬೆವರು ಶುರುವಾಗುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆವಿಯಾಗಿ ಹೋಗುವುದೆಲ್ಲಿಗೆ? ನೂಲಿನ ಲೆಕ್ಕ ಏನೇ ಹೇಳಲಿ, ಕರಾವಳಿಯಲ್ಲಿ ಸೊಂಟದ ಗಡಿಯೂ ಉಳಿಯುವುದಿಲ್ಲ, ಪ್ಯಾಂಟಿನ ಸೊಂಟಪಟ್ಟಿಯೂ ನೆನೆಯುತ್ತದೆ. ನಾನು ಮಂಡಿಯವರೆಗಿನ ಸಡಿಲ ಚಡ್ಡಿಯಲ್ಲಿ ಹೋಗಿ ಎಲ್ಲವನ್ನೂ ಬದಲಿಸುತ್ತೇನೆ. ಜೊತೆಗೆ ಎರಡು ಬೈರಾಸ, ಅಂದರೆ ತೆಳು ಹತ್ತಿಯ ಟವೆಲ್ಲು, ಇಟ್ಟುಕೊಳ್ಳುತ್ತೇನೆ: ಒಂದನ್ನು ನಲ್ಲಿಯ ನೀರಿನಲ್ಲಿ ಅದ್ದಿ ಹಿಂಡಿ ಮೈ ಒರೆಸಲು, ಇನ್ನೊಂದು ಒಣಗಿಸಿಕೊಳ್ಳಲು. ದಪ್ಪ ಟರ್ಕಿ ಟವೆಲ್ಲು ತರಬೇಡಿ, ಸಂಜೆಯವರೆಗೂ ಒಣಗದೆ ಖಾನೆಯೆಲ್ಲ ನಾರುತ್ತದೆ. ಬೈರಾಸ ಕಿಟಕಿಯ ಸರಳಿನ ಮೇಲೆ ಹರಡಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಗರಿಗರಿ.

ಮಳೆಗಾಲದ ಮಾತು. ಪಿವಿಸಿ ರೈನ್‌ಕೋಟು ಮಳೆಯನ್ನು ಹೊರಗೆ ನಿಲ್ಲಿಸುತ್ತದೆ, ಬೆವರನ್ನೂ ಒಳಗೇ ನಿಲ್ಲಿಸುತ್ತದೆ. ಇಳಿದಾಗ ಯಾವುದರಿಂದ ನೆನೆದದ್ದೆಂದು ಹೇಳಲಾಗದು. ತಲೆಯ ಮೇಲಿಂದ ಇಳಿಬಿಡುವ, ತೋಳಿಲ್ಲದ, ಕೆಳಗಿನಿಂದ ಗಾಳಿಯಾಡುವ ಪೊಂಚೊ ಮೇಲು: ಮುಂದಿನ ಅಂಚನ್ನು ಹ್ಯಾಂಡಲ್ಲಿನ ಮೇಲೆ ಹರಡಿ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ತೊಡೆಗಳೂ ನೆನೆಯುವುದಿಲ್ಲ. ನಮ್ಮ ಹಿರಿಯರು ಗದ್ದೆಗೆ ಹೋಗುವಾಗ ತಲೆ-ಬೆನ್ನು ಮುಚ್ಚುವ ಎಲೆಯ ಗೊರಬು ಹಾಕುತ್ತಿದ್ದರು, ಘಟ್ಟದ ಮೇಲಿನವರು ಕಂಬಳಿಯನ್ನು ತಲೆಯ ಮೇಲಿಂದ ಮಡಿಸಿ ಕೊಪ್ಪೆ ಹಾಕುತ್ತಿದ್ದರು. ಎರಡರಲ್ಲೂ ಮುಂಭಾಗ ತೆರೆದೇ ಇರುತ್ತಿತ್ತು. ಆದರೆ ಜುಲೈ ತಿಂಗಳ ಗಾಳಿಮಳೆಯಲ್ಲಿ ಪೊಂಚೊ ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಂಥ ದಿನ ಬಸ್ಸೇ ಸರಿ. ಹಿಂದಿನ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಯಾವ ಮಳೆಯುಡುಪೂ ಪ್ರಯೋಜನವಿಲ್ಲ, ಬೆನ್ನ ಮೇಲೆ ಕೆಸರಿನ ಗೆರೆ ನೆಟ್ಟಗೆ ಕುತ್ತಿಗೆಯವರೆಗೆ ಬರುತ್ತದೆ.

ವೈಟ್‌ಫೀಲ್ಡ್ ವ್ಯವಸ್ಥಾಪಕ

ನಾನು ಕಟ್ಟಡಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಬಟ್ಟೆಯ ಚರ್ಚೆಯ ನಡುವೆ ಒಂದು ಮಾತು ಸೇರಿಸುತ್ತೇನೆ. ಬೆಂಗಳೂರಿನ ಅನೇಕ ಟೆಕ್ ಪಾರ್ಕುಗಳು ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರ ಪಡೆದಿವೆ. ಅದರ ನಾಲ್ಕನೇ ಆವೃತ್ತಿಯಲ್ಲಿ ಸೈಕಲ್ ಸೌಲಭ್ಯಕ್ಕೆ ಅಂಕವಿದೆ: ಮೊದಲ 100 ಮಂದಿ ಉದ್ಯೋಗಿಗಳಿಗೆ ಬಟ್ಟೆ ಬದಲಿಸುವ ಜಾಗವಿರುವ ಒಂದು ಸ್ನಾನದ ಕೋಣೆ, ಆಮೇಲೆ ಪ್ರತಿ 150 ಮಂದಿಗೆ ಇನ್ನೊಂದು. ಈ ಅಂಕ ಕಡ್ಡಾಯವಲ್ಲ, ಬೇಕಾದವರು ಪಡೆಯಬಹುದು. ಆದರೆ ಅಂಕ ಪಡೆದ ಕಟ್ಟಡದಲ್ಲಿ ಆ ಕೋಣೆ ಎಲ್ಲೋ ಒಂದು ಕಡೆ ಇರಲೇಬೇಕು. ನಾನು ಕಂಡಂತೆ ಅದು ಬೇಸ್‌ಮೆಂಟಿನಲ್ಲಿ ಬೀಗ ಜಡಿದು, ಪೊರಕೆ-ಬಕೆಟ್ಟುಗಳ ಉಗ್ರಾಣವಾಗಿರುವುದುಂಟು. ನಿಮ್ಮ ಕಟ್ಟಡದ ಫಲಕದಲ್ಲಿ ಆ ಪ್ರಮಾಣಪತ್ರ ಕಂಡರೆ ನಿರ್ವಹಣಾ ವಿಭಾಗಕ್ಕೆ ಪತ್ರ ಬರೆದು ಕೇಳಿ. ಕೀಲಿಕೈ ಸಿಕ್ಕರೂ ಸಿಗಬಹುದು.

ಉಡುಪಿನ ನಿಯಮವನ್ನೇ ಸಡಿಲಿಸುವ ದಾರಿಯೂ ಇದೆ. ಜಪಾನಿನಲ್ಲಿ 2005ರ ಬೇಸಿಗೆಯಲ್ಲಿ ಸರ್ಕಾರವೇ ಕೂಲ್ ಬಿಜ್ ಎಂಬ ಅಭಿಯಾನ ನಡೆಸಿ, ಎಸಿಯನ್ನು 28 ಡಿಗ್ರಿಗೆ ಇಡಿ, ಕೋಟು ಮತ್ತು ಟೈ ಬಿಡಿ ಎಂದಿತು. ನಮ್ಮಲ್ಲಿ ಎಸಿಯನ್ನು ಕೊರೆಯುವಷ್ಟು ತಣ್ಣಗೆ ಇಟ್ಟು, ಬೆವರಿ ಬಂದವರು ಒದ್ದೆ ಬನಿಯನ್ನಿನಲ್ಲಿ ನಡುಗುವಂತೆ ಮಾಡುತ್ತೇವೆ. ಜಯನಗರದವರ ಸಂಸ್ಥೆಯಲ್ಲಿ ಇದು ನಡೆಯುವುದು ಅನುಮಾನವೇ, ಲೆಕ್ಕಪರಿಶೋಧಕರ ಟೈ ಅಷ್ಟು ಸುಲಭವಾಗಿ ಸಡಿಲವಾಗುವುದಿಲ್ಲ.

ಜಯನಗರದ ಸವಾರ

ಇಷ್ಟು ವಿವರ ಸಿಗುವುದೆಂದು ನಿರೀಕ್ಷಿಸಿರಲಿಲ್ಲ. ಸೊಂಟದ ಗಡಿಯ ಸೂತ್ರ ನನಗೆ ಒಪ್ಪಿಗೆಯಾಗಿದೆ. ಪ್ಯಾನಿಯರ್ ಹಾಕಿಸುತ್ತೇನೆ, ಅಂಗಿಯನ್ನು ಕಚೇರಿಯಲ್ಲಿಯೇ ಬದಲಿಸುತ್ತೇನೆ. ಪ್ಯಾಂಟಿನ ಬಗ್ಗೆ ಮಾತ್ರ ಮೂರು ಸಂದೇಹ ಉಳಿದಿವೆ. ಒಂದು, ನನ್ನ ಗೇರ್ ಸೈಕಲ್ಲಿಗೆ ಪೂರ್ತಿ ಚೈನ್ ಕವರು ಕೂರುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಹಾಗಿದ್ದರೆ ಬಲಗಾಲಿನ ಕಪ್ಪಿಗೇನು ಮಾಡಲಿ? ಎರಡು, ಒಳಗೆ ಪ್ಯಾಡ್ ಇರುವ ಚಡ್ಡಿ ತೊಡಬೇಕೇ? ಮೂರು, ನಮ್ಮ ದರ್ಜಿಗೆ ಗಸೆಟ್ ಎಂದರೆ ಹೊಸದು, ಅವರಿಗೆ ಹೇಗೆ ವಿವರಿಸಲಿ?

ಬ್ರೂಕ್‌ಫೀಲ್ಡ್ ಪೆಡಲಿಗ

ಮೊದಲ ಎರಡಕ್ಕೆ ನಾನು ಹೇಳುತ್ತೇನೆ. ಚೈನು ಇರುವುದು ಬಲಗಡೆ. ನಮ್ಮ ರಸ್ತೆಗಳಲ್ಲಿ ವಾಹನಗಳು ನಮ್ಮನ್ನು ದಾಟುವುದೂ ಬಲಗಡೆಯಿಂದಲೇ. ಆದ್ದರಿಂದ ಬಲ ಪಾದದ ಮೇಲೆ ಪ್ಯಾಂಟನ್ನು ಬಿಗಿಯುವ ಅಗಲವಾದ ಪ್ರತಿಫಲಕ ವೆಲ್ಕ್ರೋ ಪಟ್ಟಿ ಕಟ್ಟಿದರೆ ಒಂದೇ ಪಟ್ಟಿ ಎರಡು ಕೆಲಸ ಮಾಡುತ್ತದೆ. ಪೆಡಲ್ಲಿನೊಂದಿಗೆ ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡೊಡನೆ ಚಾಲಕರಿಗೆ ಅದು ಮನುಷ್ಯನ ಕಾಲೆಂದು ಹೊಳೆಯುತ್ತದೆ, ಬೆನ್ನಿನ ಮೇಲೆ ಅಲುಗಾಡದೆ ಇರುವ ಪಟ್ಟಿಗಿಂತ ಅದು ಬೇಗ ಗುರುತಾಗುತ್ತದೆ. ಹಿಂದಿನವರು ಸ್ಟೀಲಿನ ಕ್ಲಿಪ್ ಹಾಕುತ್ತಿದ್ದರು, ಅದು ಇಸ್ತ್ರಿಯ ಗೆರೆಯನ್ನು ಕೆಡಿಸುತ್ತದೆ. ಪ್ಯಾಂಟನ್ನು ಕಾಲ್ಚೀಲದೊಳಗೆ ತುರುಕಿದರೂ ಸುಕ್ಕೇ ಗತಿ. ಜೊತೆಗೆ ಚೈನಿಗೆ ಯಂತ್ರದೆಣ್ಣೆ ಸುರಿಯುವುದನ್ನು ನಿಲ್ಲಿಸಿ ಮೇಣದ ಲ್ಯೂಬ್ ಹಾಕಿ, ಅದಕ್ಕೆ ಧೂಳು ಅಂಟುವುದು ಕಡಿಮೆ, ಕಪ್ಪೂ ಕಡಿಮೆ. ಅಷ್ಟಾಗಿಯೂ ಕಲೆಯಾದರೆ ನೀರು ತಾಗಿಸುವ ಮೊದಲು ಪಾತ್ರೆ ತೊಳೆಯುವ ದ್ರವವನ್ನು ಒಣ ಕಲೆಗೇ ಹಚ್ಚಿ ಉಜ್ಜಿ. ಕಲೆ ಹೋಗುವವರೆಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ.

ಪ್ಯಾಡ್ ಚಡ್ಡಿ ನಿಮ್ಮ ದೂರಕ್ಕೆ ಬೇಡ. ಅದನ್ನು ಒಳಉಡುಪಿಲ್ಲದೆ ತೊಡಬೇಕು. ಇಡೀ ದಿನ ಅದರಲ್ಲೇ ಕುರ್ಚಿಯಲ್ಲಿ ಕೂರುವುದು ನರಕ, ಬದಲಿಸಬೇಕೆಂದರೆ ಮತ್ತೆ ಅದೇ ಸರ್ಕಸ್ಸು. ಮೇಲೆ ಗಸೆಟ್ ಇರುವ ಪ್ಯಾಂಟು, ಕೆಳಗೆ ನಿಮ್ಮ ಮೈಗೆ ಒಪ್ಪುವ ಅಗಲದ ಸೀಟು ಇದ್ದರೆ ಸಾಕು. ಸೀಟಿನ ಮೇಲೆ ಜೆಲ್ ಕವರು ಹಾಕಬೇಡಿ, ಅದು ಜರುಗುತ್ತಾ ಬಟ್ಟೆಯನ್ನು ಇನ್ನಷ್ಟು ಉಜ್ಜುತ್ತದೆ. ಚರ್ಮದ ಶೂ ಖಾನೆಯಲ್ಲೇ ಇರಲಿ; ಅದರ ನುಣುಪಾದ ತಳ ಮಳೆಯಲ್ಲಿ ಪೆಡಲ್ಲಿನಿಂದ ಜಾರುತ್ತದೆ.

ದರ್ಜಿಯ ಮಗ, ತುಮಕೂರು

ಮೂರನೆಯದಕ್ಕೆ ನನ್ನ ಉತ್ತರ. ದರ್ಜಿಗೆ ಗಸೆಟ್ ಎಂಬ ಹೆಸರು ಹೇಳುವ ಅಗತ್ಯವೇ ಇಲ್ಲ. ಪೈಜಾಮದ ಕಾಲುಸಂದಿಗೆ ಹಾಕುವ ಚೌಕದ ತುಂಡನ್ನೇ ಪ್ಯಾಂಟಿಗೂ ಹಾಕಿ ಎನ್ನಿ, ಹಳೆಯ ಕೈ ಆಗಿದ್ದರೆ ಅರ್ಧ ವಾಕ್ಯಕ್ಕೇ ತಿಳಿಯುತ್ತದೆ. 58 ಇಂಚು ಪನ್ನದ (ಅಗಲದ) ಬಟ್ಟೆ 1.30 ಮೀಟರ್ ಕೊಡಿ, ಗಸೆಟ್ಟಿಗೂ ಸೀಟಿನ ಒಳಗೆ ಹಚ್ಚುವ ಒಂದು ಅಸ್ತರಿಗೂ ಅದರಲ್ಲೇ ಚೂರು ಸಿಗುತ್ತದೆ. ಗಸೆಟ್ ಮುಗಿದಾಗ ಉದ್ದ ಐದು ಇಂಚು, ಅಗಲ ಎರಡೂವರೆ ಇಂಚು ಬಂದರೆ ಸಾಕು. ದೊಡ್ಡದಾದರೆ ನಿಂತಾಗ ಜೋಲು ಬಿದ್ದು ಕಾಣುತ್ತದೆ. ಸೀಟಿನ ನಡುಹೊಲಿಗೆಯ ಒಳಗೆ ಇಂಚಿನಷ್ಟು ಬಟ್ಟೆ ಬಿಡಲು ಹೇಳಿ, ಮುಂದೆ ಬಿಚ್ಚಿ ಸಡಿಲಿಸಿಕೊಳ್ಳಬಹುದು. ಬಾಟಮ್, ಅಂದರೆ ಕಾಲಿನ ತುದಿಯ ಸುತ್ತಳತೆ, 14 ಇಂಚಿಗಿಂತ ಬಿಗಿ ಬೇಡ. ಮಂಡಿಯ ಹತ್ತಿರ ಬಿಗಿಯಾದರೆ ಪ್ರತಿ ಸುತ್ತಿಗೂ ಬಟ್ಟೆ ತೊಡೆಯನ್ನು ಎಳೆಯುತ್ತದೆ. ಮುಂದೆ ಒಂದೊಂದು ಪ್ಲೀಟ್ (ನೆರಿಗೆ) ಇದ್ದರೆ ಒಳ್ಳೆಯದು, ಫ್ಯಾಷನ್ ಹೋಗಿದೆ ಎಂದು ದರ್ಜಿಯೇ ಹೇಳಿದರೂ ಹಾಕಿಸಿ.

ಟ್ರಯಲ್ಲಿಗೆ ಸೈಕಲ್ಲಿನಲ್ಲೇ ಹೋಗಿ. ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ, ಕಚ್ಚಾ ಹೊಲಿಗೆಯ ಪ್ಯಾಂಟು ತೊಟ್ಟು ಸೀಟಿನ ಮೇಲೆ ಕುಳಿತು ಎರಡೂ ಪೆಡಲ್ ತುಳಿದು ತೋರಿಸಿ. ಮಂಡಿ ಮೇಲೆ ಬಂದಾಗ ಕಾಲಿನ ತುದಿ ಎಲ್ಲಿಗೆ ಏರುತ್ತದೆ, ಬಗ್ಗಿದಾಗ ಹಿಂದಿನ ಸೊಂಟ ಎಷ್ಟು ಇಳಿಯುತ್ತದೆ ಎಂಬುದನ್ನು ಅವರು ಚಾಕ್‌ಪೀಸಿನಲ್ಲಿ ಅಲ್ಲೇ ಗುರುತು ಹಾಕಿಕೊಳ್ಳಲಿ. ಉದ್ದದ ಕೊನೆಯ ಮಡಿಕೆಯನ್ನು ಮಾತ್ರ ನಿಂತಾಗಲೇ, ಕಚೇರಿಯ ಶೂ ಹಾಕಿಕೊಂಡೇ ಹಿಡಿಸಿ.